ಕೂಸಿನ ಕುತ್ತಿಗೆ ಯಾರು ತಿರುವಿದರು, ಆರೋಗ್ಯಾಧಿಕಾರಿಗಳೇ?

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನನ್ನ ಮೊಮ್ಮಗಳ ಕುತ್ತಿಗೆಯನ್ನು ನಾನೇ ತಿರುವಿದೆನೆಂದು ನಿಮ್ಮ ಕೈಕೆಳಗಿನ ಡಾಕ್ಟರೊಬ್ಬರು ಹೇಳಿದ್ದಾರೆ. ಎಣ್ಣೆ ತಿಕ್ಕುವಾಗ ತಿರುವಿದೆನಂತೆ. ಕೂಸನ್ನು ಮುಟ್ಟಲಿಲ್ಲ, ಕುರ್ಚಿ ಬಿಟ್ಟು ಏಳಲಿಲ್ಲ, ನನ್ನ ಸೀರೆ ಸೆರಗು ನೋಡಿ ಹೇಳಿದರು. ಸೆರಗಿಗೆ ಹರಳೆಣ್ಣೆಯ ಕಲೆ ಇತ್ತು, ನಿಜ. ಎಣ್ಣೆಯ ಕಲೆ ನೋಡಿ ರೋಗ ಹೇಳುವ ವಿದ್ಯೆ ನಿಮ್ಮ ಖಾತೆಗೆ ಯಾವಾಗ ಬಂತು? ಬಂದದ್ದು ಒಳ್ಳೆಯದೇ. ಇನ್ನು ಮುಂದೆ ಹೊಟ್ಟೆನೋವಿನವರ ಚಪ್ಪಲಿ ನೋಡಿ ಔಷಧ ಬರೆದುಕೊಡಬಹುದು, ಸರಕಾರಕ್ಕೂ ಖರ್ಚು ಉಳಿದೀತು.

ನಾನು ಇಂದ್ರವ್ವ, ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಅಕ್ಷರ ತಪ್ಪಿದ್ದರೆ ತಿದ್ದಿ ಅಚ್ಚು ಹಾಕುತ್ತೇವೆ ಎಂದು ಪತ್ರಿಕೆಯವರು ಹೇಳಿದ್ದಾರೆ. ಅಕ್ಷರ ತಿದ್ದಿರಿ, ಸಿಟ್ಟು ತಿದ್ದಬೇಡಿರಿ ಎಂದು ಕೇಳಿಕೊಂಡಿದ್ದೇನೆ. ಆಸ್ಪತ್ರೆಯ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಅದೊಂದಕ್ಕೆ ಸುಣ್ಣ ಬಳಿಸಿ, ಬಾಗಿಲಲ್ಲಿ ಎರಡು ಹೂಕುಂಡ ಇಡಿಸಿ, ತಪ್ಪು ಸರಿಯಾಯಿತು ಎಂದು ನೀವು ಅಂದುಕೊಳ್ಳಬಹುದು. ಸವದತ್ತಿಯಿಂದ ರಾಮದುರ್ಗದವರೆಗೆ ಯಾವುದಾದರೂ ಆಸ್ಪತ್ರೆ ಎಂದು ತಿಳಿದುಕೊಳ್ಳಿರಿ. ಕೂಸುಗಳು ಎಲ್ಲೆಡೆಯೂ ಹುಟ್ಟುತ್ತಿವೆ.

ನನ್ನ ಮಗಳು ಅನ್ನಪೂರ್ಣಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮನೆಯಲ್ಲಿ ಹೆರಿಗೆ ಮಾಡಿಸಬೇಡಿರಿ, ಆಸ್ಪತ್ರೆಗೆ ಬನ್ನಿರಿ ಎಂದು ನಿಮ್ಮ ಗೋಡೆಗಳೇ ಹೇಳುತ್ತವೆ. ನಮ್ಮ ಪಂಚಾಯಿತಿ ಗೋಡೆಯ ಮೇಲೆ ನಗುವ ತಾಯಿ, ನಗುವ ಕೂಸು, ಕೆಳಗೆ ನಿಮ್ಮ ಖಾತೆಯ ಹೆಸರು. ನಾವು ಗೋಡೆಯ ಮಾತು ಕೇಳಿದೆವು. ಬ್ಯಾನಿ ಶುರುವಾಗುತ್ತಲೇ ಟೆಂಪೊ ಮಾಡಿಕೊಂಡು ಕರೆದೊಯ್ದೆವು. ಇಡೀ ದಿನ ಹೋಯಿತು, ಕೂಸು ಬರಲಿಲ್ಲ. ಹುಡುಗಿಗೆ ಬಲ ಮುಗಿಯಿತು. ಕಡೆಗೆ ಕೂಸಿನ ತಲೆಗೆ ಚಿಮಟ ಹಾಕಿ ಎಳೆದು ತೆಗೆದರು. ಚಿಮಟ ಹಾಕಿದ್ದಕ್ಕೆ ನಾನು ಬೈಯುವುದಿಲ್ಲ. ಹಾಕದಿದ್ದರೆ ಎರಡು ಜೀವ ಹೋಗುತ್ತಿದ್ದವೇನೋ, ಉಳಿಸಿಕೊಟ್ಟಿರಿ, ಕೈ ಮುಗಿಯುತ್ತೇನೆ. ಹೊರಗೆ ಬಂದ ಕೂಸು ಒಂದು ಗಳಿಗೆ ಅಳಲಿಲ್ಲ, ಆಮೇಲೆ ಅಳಲು ಹತ್ತಿದ್ದು ನಿಲ್ಲಿಸಲಿಲ್ಲ. ಕಿವಿಯ ಹತ್ತಿರ ಕೆಂಪು ಗೆರೆ ಎದ್ದಿತ್ತು. ನಾನು ಸಿಸ್ಟರ್ ಹತ್ತಿರ ಹೋಗಿ ಕೇಳಿದೆ:

"ಯವ್ವಾ, ಕೂಸು ಎಡದ ಹಾಲು ಹಿಡೀವಲ್ದು. ಕುತ್ತಿಗಿ ಮುಟ್ಟಿದ್ರ ಚೀರತೈತಿ. ಒಂದೀಟು ನೋಡವಾ."

"ಎಲ್ಲಾ ಕೂಸೂ ಚೀರತಾವ ಆಯಿ. ನಿಮ್ಮ ಕೂಸೇನು ಹಾಡಬೇಕೇನು?"

ಸುತ್ತ ಇದ್ದ ಬಾಣಂತಿಯರು ನಕ್ಕರು. ನಾನೂ ನಕ್ಕೆ. ಮಾತು ಚಲೋ ಇತ್ತು, ಆದರೆ ಅದರಿಂದ ಕುತ್ತಿಗೆ ಯಾರೂ ನೋಡಿದಂತಾಗಲಿಲ್ಲ. ಸಾಹೇಬರೇ, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿರಿ. ಎಡದ ಹಾಲು ಹಿಡಿಯದೆ ಇದ್ದದ್ದು ನಿಮ್ಮ ಆಸ್ಪತ್ರೆಯ ಕಾಟಿನ ಮೇಲೆ. ಆಗಿನ್ನೂ ಕೂಸಿಗೆ ಎಣ್ಣೆಯ ಹನಿ ತಾಗಿರಲಿಲ್ಲ, ನನ್ನ ಕಾಲ ಮೇಲೆ ಅದು ಮಲಗಿರಲಿಲ್ಲ.

ಮನೆಗೆ ಬಂದೆವು. ನಮ್ಮಲ್ಲಿ ಬಾಣಂತಿ ಕೋಣೆ ಎಂದರೆ ಒಂದು ಕಿಟಕಿಯ ಕತ್ತಲ ಕೋಣೆ. ಹೊರಸು ಹಾಕಲು ಜಾಗ ಒಂದೇ ಕಡೆ. ಉತ್ತರಕ್ಕೆ ತಲೆ ಹಾಕಿ ಯಾರೂ ಮಲಗುವುದಿಲ್ಲ, ಹೆಣ ಮಾತ್ರ ಮಲಗುತ್ತದೆ. ಆದ್ದರಿಂದ ಕೂಸಿನ ತಲೆ ದಕ್ಷಿಣಕ್ಕೆ. ಎಡಗಡೆ ಪಡುವಣ ದಿಕ್ಕು, ಅಲ್ಲಿ ಕಿಟಕಿ. ಕಿಟಕಿಯಾಚೆ ದೂರದಲ್ಲಿ ಎಲ್ಲಮ್ಮನ ಗುಡ್ಡ. ಕೂಸು ಎದ್ದಾಗಲೂ ಮಲಗಿದಾಗಲೂ ಮುಖವನ್ನು ಗುಡ್ಡದ ಕಡೆಗೇ ಇಟ್ಟುಕೊಂಡಿರುತ್ತಿತ್ತು. ಅದನ್ನು ಮೊದಲು ಕಂಡವಳು ಪಕ್ಕದ ಮನೆಯ ರಾಯವ್ವ.

"ಯಕ್ಕಾ, ನೋಡಬೇ ಇಲ್ಲಿ! ಕೂಸು ಎಲ್ಲಮ್ಮ ತಾಯಿ ಕಡೀನ ನೋಡಾಕತ್ತೈತಿ. ಈ ಕಡೆ ಹೊಳ್ಳಿಸಿದ್ರೂ ಮತ್ತ ಅತ್ತಾಗ ಹೊಳ್ಳತೈತಿ. ಇದು ಸಾದಾ ಕೂಸಲ್ಲಬೇ!"

ಮುಗಿಯಿತು. ಮಾರನೆಯ ದಿನದಿಂದ ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು ಕೂಸಿನ ಪಾದ ಮುಟ್ಟಿ ಹೋಗತೊಡಗಿದರು. ಕುಪ್ಪಸದ ಖಣ ಇಟ್ಟರು, ತೆಂಗಿನಕಾಯಿ ಇಟ್ಟರು. ಹೆಸರಿಡುವ ದಿನ ಬೇರೆ ಹೆಸರು ಯೋಚಿಸಿದ್ದೆವು, ಅದು ಬಿಟ್ಟು ರೇಣುಕಾ ಎಂದು ಕರೆದೆವು. ನಮ್ಮ ಯಜಮಾನರು ಅಂದಾನೆಪ್ಪನವರು ಯಾವ ದೇವರಿಗೂ ಸುಲಭಕ್ಕೆ ಬಾಗುವವರಲ್ಲ. ಅವರೂ ಕಿಟಕಿಯ ಹತ್ತಿರ ಹೋಗುವಾಗ ಕೂಸಿಗೂ ಗುಡ್ಡಕ್ಕೂ ಅಡ್ಡ ಆಗದಂತೆ ಬಗ್ಗಿ ದಾಟುತ್ತಿದ್ದರು. ನೀವು ನಗುತ್ತಿರಬಹುದು. ನಗಿರಿ. ಆದರೆ ಆ ದಿನಗಳಲ್ಲಿ ನಿಮ್ಮ ಖಾತೆಯವರೂ ನಮ್ಮ ಮನೆಗೆ ಬಂದಿದ್ದರು. ಪೋಲಿಯೋ ಭಾನುವಾರದ ಮಾರನೆಯ ದಿನ ಬಾಗಿಲಿಗೆ ಬಂದು, ಕೂಸಿನ ಗಲ್ಲ ಒತ್ತಿ ಹನಿ ಹಾಕಿ, ಬೆರಳಿಗೆ ಮಸಿ ಹಚ್ಚಿ, ಕದದ ಮೇಲೆ ಸೀಮೆಸುಣ್ಣದಿಂದ ಗುರುತು ಬರೆದು ಹೋದರು. ಕೂಸಿನ ಬಾಯಿ ಎಡಕ್ಕಿತ್ತು, ಅವರೇ ಎಡಕ್ಕೆ ಸರಿದು ನಿಂತು ಹನಿ ಹಾಕಿದರು. ಬಾಯಿ ಇರುವ ಕಡೆಗೆ ಸರ್ಕಾರ ಸರಿಯಿತು. ಕುತ್ತಿಗೆ ಏಕೆ ಆ ಕಡೆಗಿದೆ ಎಂದು ಅದು ಕೇಳಲಿಲ್ಲ. ನಮ್ಮ ಓಣಿಯವರು ದೇವರನ್ನು ಕಂಡರು, ನಿಮ್ಮವರು ಬಾಯಿ ಕಂಡರು. ಇಬ್ಬರಲ್ಲಿ ಯಾರಿಗೆ ನಗಬೇಕು, ನೀವೇ ಹೇಳಿರಿ.

ನನ್ನ ತಲೆಗೆ ಅನುಮಾನದ ಹುಳ ಹೊಕ್ಕದ್ದು ಎರೆಯುವಾಗ. ಕೂಸಿಗೆ ಎರೆಯುವುದು ಹೇಗೆಂದು ನಿಮಗೆ ಮರೆತಿರಬಹುದು, ನಿಮಗೂ ಯಾರೋ ಒಬ್ಬ ಮುದುಕಿ ಎರೆದಿದ್ದಾಳೆ. ಬಚ್ಚಲಲ್ಲಿ ಮಣೆಯ ಮೇಲೆ ಕೂತು ಕಾಲು ನೀಡಿ, ಎರಡು ಕಾಲ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಳ್ಳುತ್ತೇವೆ. ಎಣ್ಣೆ ಹಚ್ಚುತ್ತೇವೆ, ನೀರು ಹಾಕುತ್ತೇವೆ. ಬೇರೆ ಕೂಸುಗಳು ಬೋರಲು ಹಾಕಿದರೆ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಕೆನ್ನೆ ಹೊಳ್ಳಿಸುತ್ತವೆ. ಇದು ಹೊಳ್ಳಿಸುತ್ತಿರಲಿಲ್ಲ. ಬಚ್ಚಲಲ್ಲಿ ಕೂತರೆ ಗುಡ್ಡ ನನ್ನ ಬೆನ್ನಿಗೆ ಬರುತ್ತದೆ. ಅಲ್ಲಿಯೂ ಕೂಸು ಎಡಕ್ಕೇ ನೋಡುತ್ತಿತ್ತು, ನೀರು ಕಾಯಿಸುವ ಒಲೆಯ ಕಡೆಗೆ. ಒಲೆಯಲ್ಲಿ ಎಲ್ಲಮ್ಮ ಇಲ್ಲ, ಸಾಹೇಬರೇ, ನಾನು ದಿನಾ ಉರಿ ಹಾಕುವವಳು, ನನಗೆ ಗೊತ್ತು. ಕೋಣೆಗೆ ಬಂದು ಬಾಗಿಲು ಮುಂದಕ್ಕೆಳೆದು, ಕೂಸಿನ ತಲೆ ಉತ್ತರಕ್ಕೆ ಹಾಕಿ ಮಲಗಿಸಿದೆ. ಕೂಸು ಗುಡ್ಡಕ್ಕೆ ಬೆನ್ನು ಮಾಡಿ, ಜೋಳದ ಚೀಲ ಒಟ್ಟಿದ ಗೋಡೆಯ ಕಡೆಗೆ ಮುಖ ಮಾಡಿ ಮಲಗಿತು. ಅಷ್ಟರಲ್ಲಿ ಮಗಳು ಒಳಗೆ ಬಂದಳು.

"ಯವ್ವಾ! ಉತ್ತರಕ್ಕ ತಲಿ ಹಾಕಿ ಏನ? ನಿನಗ ಬುದ್ಧಿ ಅದನ ಇಲ್ಲ?"

"ನೋಡ ಅನ್ನಿ. ಕೂಸು ಈಗ ಜ್ವಾಳದ ಚೀಲಕ್ಕ ಕೈ ಮುಗ್ಯಾಕತ್ತೈತೇನ ನೋಡ."

ಆಕೆ ನೋಡಿದಳು. ನೆಲದ ಮೇಲೆ ಕುಂತು ಅತ್ತಳು. ಬೆಳಕಿಗೆ ಹಿಡಿದು ನೋಡಿದರೆ ಎಡಗಡೆ ತಲೆ ಚಪ್ಪಟೆಯಾಗತೊಡಗಿತ್ತು, ಒಂದು ಕಣ್ಣು ಇನ್ನೊಂದಕ್ಕಿಂತ ಸಣ್ಣದಾಗಿ ಕಾಣುತ್ತಿತ್ತು.

ಅವತ್ತೇ ಕೂಸನ್ನು ಹೊತ್ತುಕೊಂಡು ನಿಮ್ಮ ಡಾಕ್ಟರ ಹತ್ತಿರ ಬಂದೆವು. ಅಳಿಯಂದಿರೂ ರಾಮದುರ್ಗದ ಕಡೆಯಿಂದ ಬಂದಿದ್ದರು. ಡಾಕ್ಟರು ಹೇಳಿದ್ದು ಇಷ್ಟು:

"ಮನ್ಯಾಗ ತಿಕ್ಕಿ ತಿಕ್ಕಿ ಕುತ್ತಿಗಿ ತಿರುವ್ಯಾರ. ಹಳ್ಳಿ ಮುದುಕೇರಿಗೆ ಎಷ್ಟ್ ಹೇಳಿದ್ರೂ ಅಷ್ಟ. ಇನ್ನ ಮ್ಯಾಲೆ ಕೂಸಿಗೆ ಕೈ ಹಚ್ಚಬ್ಯಾಡ್ರಿ. ತಾನ ಸರಿ ಆಕ್ಕೈತಿ."

"ಸಾಹೇಬ್ರ, ಹುಟ್ಟಿದಾಗಿಂದ ಎಡದ ಹಾಲು—" ಎಂದಳು ಮಗಳು.

"ಮುಂದಿನವ್ರನ್ನ ಕಳಸ್ರಿ."

ಹೇಗೆ ಹುಟ್ಟಿತು ಎಂದು ಅವರು ಕೇಳಲಿಲ್ಲ. ಚಿಮಟದ ಮಾತು ಬಾಯಿಗೆ ಬರುವಷ್ಟರಲ್ಲಿ ಮುಂದಿನವರು ಒಳಗೆ ಬಂದಿದ್ದರು. ಮನೆಯಲ್ಲಿ ತಿರುವಿದ್ದಾರೆ ಎಂಬ ಮಾತಿಗೆ ಅಳಿಯಂದಿರು ತಲೆ ಎತ್ತಿ ನನ್ನನ್ನು ನೋಡಿದರು. ಮದುವೆಯಾದ ಮೇಲೆ ಅವರು ನನ್ನನ್ನು ನೆಟ್ಟಗೆ ನೋಡಿದ್ದು ಅದೇ ಮೊದಲ ಸಲ. ನಮ್ಮಲ್ಲಿ ಅಳಿಯನ ಎದುರು ಅತ್ತೆ ಕೂರುವುದಿಲ್ಲ, ಮಾತಾಡುವುದಿಲ್ಲ. ಬಾಗಿಲ ಮರೆಯಲ್ಲಿ ನಿಂತು ಮಗಳ ಬಾಯಿಂದ ಹೇಳಿಸುತ್ತಾಳೆ. ಆದ್ದರಿಂದ ಅಲ್ಲಿಯೂ ಸೆರಗು ಎಳೆದುಕೊಂಡು ಹೊರಗೆ ಬಂದೆ.

ಡಾಕ್ಟರು ಮುಂದಿನ ರೋಗಿಯೊಡನೆ ಆ ಮಾತು ಮರೆತಿದ್ದಾರೆ. ನಮ್ಮ ಊರು ಮರೆತಿಲ್ಲ. ರಾಯವ್ವನ ಸೊಸೆ ಹಡೆದಳು, ಎರೆಯಲು ನನ್ನನ್ನು ಕರೆಯಲಿಲ್ಲ. "ಬ್ಯಾಡಬೇ ಯಕ್ಕಾ, ನಿನಗ ವಯಸ್ಸಾತು, ತ್ರಾಸ ಯಾಕ" ಎಂದಳು ರಾಯವ್ವ, ಕಣ್ಣು ಬೇರೆ ಕಡೆ ಮಾಡಿ. ಹೋದ ತಿಂಗಳು ಎಲ್ಲಮ್ಮನ ಕೂಸು, ಈ ತಿಂಗಳು ಇಂದ್ರವ್ವ ಮುರಿದ ಕೂಸು. ಇನ್ನೂ ಒಂದು ಮಾತು ಹೇಳುತ್ತೇನೆ, ಇದನ್ನು ನಮ್ಮ ಯಜಮಾನರಿಗೂ ಹೇಳಿಲ್ಲ. ಒಮ್ಮೊಮ್ಮೆ ನನಗೇ ಅನುಮಾನ ಬರುತ್ತದೆ. ಇದ್ದದ್ದು ನನ್ನ ಕೈಯಿಂದ ಹೆಚ್ಚಾಯಿತೇನೋ? ನೋಡಿ ಹೇಳುವವರು ಒಬ್ಬರಿದ್ದರೆ ಹೌದು ಎಂದರೂ ಕೇಳಿಕೊಳ್ಳುತ್ತಿದ್ದೆ. ನೋಡದೆ ಹೇಳಿದ್ದನ್ನು ಏನು ಮಾಡಲಿ? ಅದನ್ನು ಒಪ್ಪಲೂ ಬರುವುದಿಲ್ಲ, ಅಲ್ಲ ಎನ್ನಲೂ ಬರುವುದಿಲ್ಲ.

ಇನ್ನೊಂದು ದೊಡ್ಡ ಆಸ್ಪತ್ರೆಯಲ್ಲಿ ಇಂಥದ್ದಕ್ಕೆ ವ್ಯಾಯಾಮ ಮಾಡಿಸುವ ಕೋಣೆ ಇದೆ ಎಂದು ಯಾರೋ ಹೇಳಿದರು. ಹೋದೆವು. ಕೋಣೆ ಇತ್ತು, ಬೋರ್ಡು ಇತ್ತು, ಬೀಗವೂ ಇತ್ತು. ಕಿಟಕಿಯಿಂದ ಇಣುಕಿದರೆ ಒಳಗೆ ಫಿನಾಯಿಲ್ ಡಬ್ಬಿ, ಕುಟುಂಬ ಯೋಜನೆಯ ಬ್ಯಾನರು. ಜವಾನ ಬಂದ.

"ಇಲ್ಲಿ ಕೂಸಿನ ಕುತ್ತಿಗಿ ನೋಡೋರು ಯಾರಪ್ಪಾ?"

"ಹುದ್ದೆ ಐತ್ರಿ ಆಯಿ, ಮನಷ್ಯಾ ಇಲ್ರಿ."

"ಹಂಗಾರ ಹುದ್ದೆಗೆ ತೋರಸಲೇನೋ ಕೂಸನ್ನ?"

ಪಾಪ, ಅವನು ನಕ್ಕ. ಒಂದು ಕಪ್ ಚಹಾ ತರಿಸಿಕೊಟ್ಟ. ಇಡೀ ತಿರುಗಾಟದಲ್ಲಿ ನಿಮ್ಮ ಖಾತೆಯಿಂದ ನಮಗೆ ಸಿಕ್ಕ ಚಿಕಿತ್ಸೆ ಆ ಚಹಾ ಒಂದೇ. ಬೆಳಗಾವಿಗೆ ಹೋಗಿರಿ ಎಂದರು. ಬೆಳಗಾವಿಗೆ ಹೋದರೆ ತಾಲೂಕಿನ ಡಾಕ್ಟರ ಚೀಟಿ ಇಲ್ಲದೆ ನೋಡುವುದಿಲ್ಲ ಎಂದರು. ತಾಲೂಕಿನ ಡಾಕ್ಟರು, ತಾನೇ ಸರಿಯಾಗುತ್ತದೆ ಎಂದ ಮೇಲೆ ಚೀಟಿ ಯಾಕೆ ಎಂದರು. ಹೋಗುವಾಗ ಬರುವಾಗ ಬಸ್ಸಿನಲ್ಲಿ ಕೂಸು ಕುಲುಕಾಟಕ್ಕೆ ಚೀರುತ್ತಿತ್ತು, ಮಂದಿ ನಮ್ಮ ಮುಖ ನೋಡುತ್ತಿದ್ದರು.

ಈ ನಡುವೆ ಬೈಲಹೊಂಗಲದ ಅರಳೆ ವ್ಯಾಪಾರಿಯೊಬ್ಬರ ಮನೆಗೆ ಅವರ ನೆಂಟರ ಹೆಣ್ಣುಮಗಳು ಮುಂಬಯಿಯಿಂದ ಬಂದಿದ್ದಾಳೆ, ಹೊರದೇಶದಲ್ಲಿ ಕಲಿತವಳು, ಬೆನ್ನು ಕುತ್ತಿಗೆಗಳನ್ನು ಔಷಧವಿಲ್ಲದೆ ಕೈಯಿಂದಲೇ ಸರಿಮಾಡುತ್ತಾಳೆ ಎಂದು ಸುದ್ದಿ ಬಂತು. ಆ ವಿದ್ಯೆಗೆ ಕೈರೋಪ್ರಾಕ್ಟಿಕ್ ಎನ್ನುತ್ತಾರಂತೆ. ಅದನ್ನು ಹೇಳಲು ಹೋಗಿ ನನ್ನ ನಾಲಿಗೆಯೇ ಉಳುಕಿತು. ನನಗೆ ನಂಬಿಕೆ ಇರಲಿಲ್ಲ. ಆದರೂ ಹೋದೆವು, ಇನ್ನೆಲ್ಲಿಗೆ ಹೋಗಬೇಕಿತ್ತು? ಆ ಹೆಣ್ಣುಮಗಳು ಮರಾಠಿ ಬೆರೆಸಿದ ಕನ್ನಡದಲ್ಲಿ ಮೊದಲು ಕೇಳಿದ್ದು ಇದು:

"ಆಜೀ, ಕೂಸು ಹುಟ್ಟೂಮುಂದ ಏನಾತು? ಸಾವಕಾಶ ಹೇಳ್ರಿ."

ಅನ್ನಪೂರ್ಣಾ ಬಿಕ್ಕಿ ಬಿಕ್ಕಿ ಅತ್ತಳು. ಆ ದಿನದವರೆಗೆ ಆಕೆಯನ್ನು ಅದನ್ನು ಯಾರೂ ಕೇಳಿರಲಿಲ್ಲ. ಬ್ಯಾನಿ, ಚಿಮಟ, ಅಳದೆ ಇದ್ದ ಆ ಗಳಿಗೆ, ಎಲ್ಲ ಹೇಳಿದಳು. ಆ ಹೆಣ್ಣುಮಗಳು ನಡುವೆ ಬಾಯಿ ಹಾಕಲಿಲ್ಲ. ಆಮೇಲೆ, "ಹುಟ್ಟೂ ಕೆಲಸದಾಗ ತಾಯಿಗೆ ಎಷ್ಟು ತ್ರಾಸೋ ಕೂಸಿಗೂ ಅಷ್ಟ ಆಗಿರತೈತ್ರಿ. ಅದಕ್ಕ ಹೇಳಾಕ ಬರೂದಿಲ್ಲ, ಇಷ್ಟ" ಎಂದಳು. ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಹೆಡಕಿನ ಕೆಳಗೆ ಎರಡು ಬೆರಳಿಟ್ಟು ಸುಮ್ಮನೆ ಕೂತಳು. ಒತ್ತಲಿಲ್ಲ, ತಿಕ್ಕಲಿಲ್ಲ, ಲಟಕ್ ಎನ್ನಿಸಲಿಲ್ಲ. ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ, ನೋಡಲು ಏನೂ ಇರಲಿಲ್ಲ. ಕುತ್ತಿಗೆ ಮುಟ್ಟಿದರೆ ಚೀರುವ ಕೂಸು ಆಕೆಯ ಬೆರಳ ಮೇಲೆ ನಿದ್ದೆ ಹೋಯಿತು.

ಆಕೆ ಗುಣಪಡಿಸಿದಳು ಎಂದು ನಾನು ಬರೆಯುವುದಿಲ್ಲ. ಮಾರನೆಯ ದಿನವೂ ಕುತ್ತಿಗೆ ಎಡಕ್ಕೇ ಇತ್ತು. ಆಕೆಯೂ ಗುಣವಾಗುತ್ತದೆ ಎಂದು ಹೇಳಲಿಲ್ಲ. "ಕೆಲವು ಕೂಸಿಗೆ ಹಿತ ಅನಸ್ತೈತಿ, ಅಷ್ಟ ನನಗ ಗೊತ್ತು. ಮೊದಲ ಮಕ್ಕಳ ಡಾಕ್ಟರಿಗೆ ತೋರಸ್ರಿ, ಒಳಗ ಬ್ಯಾರೆ ಏನಾರ ಐತೇನು ನೋಡ್ಲಿ. ದಿನಾ ಮಾಡೂ ವ್ಯಾಯಾಮ ಅವರು ಕಲಸ್ತಾರ. ಆಟಿಗಿ ಬಲಗಡೆ ಹಿಡೀರಿ, ಬಲಕ್ಕ ನೋಡೂದು ಕಲೀಲಿ. ಆದ್ರ ಆಜೀ, ಯಾರ ಏನ ಹೇಳಿದ್ರೂ ಜಗ್ಗಸಬ್ಯಾಡ್ರಿ, ಝಟಕಾ ಕೊಡಸಬ್ಯಾಡ್ರಿ. ಜೀವಕ್ಕ ಕುತ್ತು" ಎಂದಳು. ಮತ್ತೆ ಬರಲು ಹೇಳಿದ್ದಳು. ಮತ್ತೆ ಹೋಗುವಷ್ಟರಲ್ಲಿ ನಿಮ್ಮ ಖಾತೆಯವರು ಜೀಪಿನಲ್ಲಿ ಬಂದು, ನಮ್ಮ ರಾಜ್ಯದಲ್ಲಿ ನೋಂದಣಿ ಇಲ್ಲದೆ ರೋಗಿಗಳನ್ನು ಮುಟ್ಟುತ್ತೀರಾ ಎಂದು ಜೋರು ಮಾಡಿ ಹೋಗಿದ್ದರು. ಆಕೆ ಮುಂಬಯಿಗೆ ಹೊರಟುಹೋದಳು.

ಕಾಯದೆ ನಿಮಗೆ ಗೊತ್ತು. ತಡೆದದ್ದು ಸರಿಯೇ ಇರಬಹುದು, ಕಳ್ಳ ಡಾಕ್ಟರರು ಬಹಳ ಇದ್ದಾರೆ. ನನ್ನ ಪ್ರಶ್ನೆ ಸಣ್ಣದು. ಬೀಗ ಹಾಕಿದ ಕೋಣೆಗೆ ನಿಮ್ಮ ಜೀಪು ಒಂದು ಸಲವೂ ಯಾಕೆ ಬರಲಿಲ್ಲ? ದೇವರ ಹತ್ತಿರ ಹೋದರೆ ಮೂಢನಂಬಿಕೆ ಎನ್ನುತ್ತೀರಿ. ಮುದುಕಿ ಮುಟ್ಟಿದರೆ ಮುರಿದಳು ಎನ್ನುತ್ತೀರಿ. ಕಲಿತವಳು ಮುಟ್ಟಿದರೆ ನೋಂದಣಿ ಎಲ್ಲಿ ಎನ್ನುತ್ತೀರಿ. ನಿಮ್ಮ ಹತ್ತಿರ ಬಂದರೆ ಮುಂದಿನವರನ್ನು ಕಳಿಸು ಎನ್ನುತ್ತೀರಿ. ಹಾಗಾದರೆ ಕೂಸು ಎಲ್ಲಿಗೆ ಹೋಗಬೇಕು, ಸಾಹೇಬರೇ? ಎಲುಬು ಬಲಿಯುವುದಕ್ಕೆ ನಿಮ್ಮ ನೇಮಕಾತಿ ಆದೇಶ ಬೇಕಿಲ್ಲ, ಅದು ಬಲಿಯುತ್ತಲೇ ಇದೆ.

ಈಗ ನಾನು ಈ ಪತ್ರ ಬರೆದ ಕಾರಣಕ್ಕೆ ಬರುತ್ತೇನೆ. ಅಮಾವಾಸ್ಯೆ ಕಳೆದ ಮೇಲಿನ ಸೋಮವಾರ ಬೀಗರು ಬಂದು ತಾಯಿ ಕೂಸು ಇಬ್ಬರನ್ನೂ ಕರೆದೊಯ್ಯುತ್ತಾರೆ. ಅವರ ಸೀಮೆಯಲ್ಲಿ ಒಬ್ಬನಿದ್ದಾನೆ, ಉಳುಕು ತೆಗೆಯುವವನು. ಕುತ್ತಿಗೆಗೆ ಟವೆಲ್ಲು ಸುತ್ತಿ ಒಂದೇ ಝಟಕಾ ಕೊಡುತ್ತಾನೆ. ಹೊರೆ ಹೊತ್ತು ಕುತ್ತಿಗೆ ಹಿಡಿದವರು ಅವನ ಹತ್ತಿರ ಹೋಗುತ್ತಾರೆ, ಕೆಲವರು ನೆಟ್ಟಗಾಗಿ ಬಂದಿದ್ದಾರಂತೆ. ಅವನ ಹತ್ತಿರ ನನ್ನ ರೇಣುಕಾಳನ್ನು ಒಯ್ಯುವುದೆಂದು ಬೀಗರು ನಿಶ್ಚಯ ಮಾಡಿದ್ದಾರೆ. ತಲೆ ಇನ್ನೂ ನೆಟ್ಟಗೆ ನಿಲ್ಲದ ಕೂಸು. ದಿನ ಗೊತ್ತು ಮಾಡಲು ಬಂದಿದ್ದ ಬೀಗತಿಯ ಕೈ ಹಿಡಿದುಕೊಂಡೆ, ಬೇಡಿಕೊಂಡೆ.

"ನಿಮ್ಮ ಕೈಯಾಗ ಆದದ್ದನ್ನ ನಾವು ನೆಟ್ಟಗ ಮಾಡಿಸ್ಕೋತೀವಿ ಬಿಡ್ರಿ" ಎಂದರು ಅವರು. "ಡಾಕ್ಟರ ಹೇಳ್ಯಾರಲ್ಲ, ಇನ್ನೇನ ಉಳದೈತಿ ನಿಮ್ಮ ಮಾತು?"

ನೋಡಿದಿರಾ? ನಿಮ್ಮ ಡಾಕ್ಟರು ಕುರ್ಚಿಯಲ್ಲಿ ಕೂತು ಆಡಿದ ಒಂದು ಮಾತು ಎಲ್ಲಿಯವರೆಗೆ ನಡೆದು ಬಂತು! ಮಗಳು ಹೇಳಿದರೆ ತಾಯಿಯ ಪರ ಮಾತಾಡುತ್ತಾಳೆ ಎನ್ನುತ್ತಾರೆ. ಯಜಮಾನರು ಹೇಳಿದರೆ ಹೆಂಡತಿಯ ತಪ್ಪು ಮುಚ್ಚುತ್ತಾರೆ ಎನ್ನುತ್ತಾರೆ. ನನ್ನ ಮಾತಂತೂ ಮಾತೇ ಅಲ್ಲ. ಜೋಳದ ಚೀಲದ ಕಡೆ ಮುಖ ಮಾಡಿ ಮಲಗಿದ ಕೂಸನ್ನು ನೋಡುತ್ತ ನಾನು ಕೈ ಕಟ್ಟಿಕೊಂಡು ಕೂತಿದ್ದೇನೆ.

ಆದ್ದರಿಂದ ಕೇಳುತ್ತೇನೆ. ಖಾಲಿ ಹುದ್ದೆ ಯಾವಾಗಲಾದರೂ ತುಂಬಿರಿ, ಅದು ಮುಂದಿನ ಕೂಸುಗಳಿಗಾಯಿತು. ಚಿಮಟ ಹಾಕಿ ತೆಗೆದ ಕೂಸುಗಳನ್ನು ಮನೆಗೆ ಕಳಿಸುವ ಮೊದಲು ಒಮ್ಮೆ ಕುತ್ತಿಗೆ ಮುಟ್ಟಿ ನೋಡಿರಿ ಎಂದು ನಿಮ್ಮವರಿಗೆ ಹೇಳಿರಿ, ಅದಕ್ಕೆ ಹುದ್ದೆಯೂ ಬೇಡ, ಕೈ ಇದ್ದರೆ ಸಾಕು. ನನಗೆ ಬೇಕಾದದ್ದು ಸೋಮವಾರದೊಳಗೆ. ಪೋಲಿಯೋ ಹನಿ ಹಿಡಿದುಕೊಂಡು ಬಾಗಿಲಿಗೆ ಬರುವ ನಿಮ್ಮ ಸಿಸ್ಟರ್ ಒಬ್ಬರನ್ನು, ಹನಿ ಇಲ್ಲದೆ, ನಮ್ಮ ಮನೆಗೆ ಕಳಿಸಿರಿ. ನಿಮ್ಮ ಬಿಳಿ ಸೀರೆಯ ಮಾತು ನಡೆಯುತ್ತದೆ. ಬೀಗರ ಎದುರು ನಿಂತು, ಝಟಕಾ ಕೊಡಿಸಬೇಡಿರಿ, ಬೆಳಗಾವಿಗೆ ಒಯ್ಯಿರಿ, ಇದೋ ಚೀಟಿ ಎಂದು ಹೇಳಿದರೆ ಸಾಕು. ನನ್ನ ಹೆಸರಿನ ಮೇಲಿನ ಕಲೆ ತೆಗೆಯಿರಿ ಎಂದು ಕೇಳುವುದಿಲ್ಲ.

ನೀವು ಕಳಿಸುವುದಿಲ್ಲ ಎಂದು ಒಳಗೊಳಗೆ ನನಗೆ ಗೊತ್ತಿದೆ. ಆದರೆ ನಮ್ಮ ಅಳಿಯಂದಿರು ಈ ಪತ್ರಿಕೆಯನ್ನು ತಪ್ಪದೆ ಓದುತ್ತಾರೆ. ಅವರ ಎದುರು ನಿಂತು ಮಾತಾಡಲು ನನಗೆ ಬರುವುದಿಲ್ಲ, ಪದ್ಧತಿ ಇಲ್ಲ. ಅದಕ್ಕೆ ನಿಮ್ಮ ಬೆನ್ನ ಹಿಂದೆ ನಿಂತು ಹೇಳುತ್ತೇನೆ, ಸಾಹೇಬರೇ, ಸ್ವಲ್ಪ ಸರಿಯಿರಿ.

ಅಳಿಯಂದಿರೇ, ನಾನೇ ಮುರಿದೆ ಎಂದು ಬೇಕಾದರೆ ಊರ ಮಂದಿಯ ಎದುರು ಒಪ್ಪಿಕೊಳ್ಳುತ್ತೇನೆ. ಕೂಸಿಗೆ ಇನ್ನೆಂದೂ ಕೈ ಹಚ್ಚುವುದಿಲ್ಲ, ನಿಮ್ಮ ಮನೆಯ ಹೊಸ್ತಿಲಿಗೂ ಬರುವುದಿಲ್ಲ. ಆ ಟವೆಲ್ಲಿನವನ ಹತ್ತಿರ ಮಾತ್ರ ಒಯ್ಯಬೇಡಿರಿ. ಕುತ್ತಿಗೆ ವಾರೆ ಇದ್ದರೂ ಇರಲಿ, ಕೂಸು ಇರಲಿ.

ಇಂತಿ, ಯಾರೂ ಕೇಳದಿದ್ದರೂ ಕೇಳಿಕೊಳ್ಳುತ್ತಿರುವ,
ರೇಣುಕಾಳ ಆಯಿ
ಇಂದ್ರವ್ವ
ಸವದತ್ತಿ ತಾಲೂಕು